ಹಾರಾಟ ಬಂತು, ಮಾತು ಬರಲಿಲ್ಲ

‘ಆದಿಪುರುಷ್’ ತೆರೆಗೆ ಬರುವ ಮುಂಚೆ ಆ ಚಿತ್ರದವರು ಒಂದು ಪ್ರಕಟಣೆ ಹೊರಡಿಸಿದ್ದರು. ಸಿನಿಮಾ ಓಡುವ ಪ್ರತಿ ಚಿತ್ರಮಂದಿರದಲ್ಲೂ ಒಂದು ಸೀಟನ್ನು ಮಾರದೆ ಹನುಮಂತನಿಗಾಗಿ ಖಾಲಿ ಬಿಡಲಾಗುತ್ತದೆ ಎಂದು. ರಾಮಾಯಣ ಎಲ್ಲಿ ನಡೆದರೂ ಅಲ್ಲಿಗೆ ಆಂಜನೇಯ ಬಂದು ಕೂರುತ್ತಾನೆ ಎನ್ನುವ ನಂಬಿಕೆ ನಮಗೆ ಹೊಸದಲ್ಲ. ಪಾರಾಯಣ ನಡೆಯುವ ಮನೆಗಳಲ್ಲಿ ಅವನಿಗೆಂದು ಒಂದು ಮಣೆ ಹಾಕಿಡುವ ಪದ್ಧತಿಯೂ ಇದೆ. ಆದ್ದರಿಂದ ಸುದ್ದಿ ಓದಿ ನಕ್ಕವರಿಗಿಂತ ಕೈ ಮುಗಿದವರೇ ನಮ್ಮ ಕಡೆ ಹೆಚ್ಚು. ಆದರೆ ಬಂದು ಕೂರುವವನು ಬರೀ ಭಕ್ತನಲ್ಲ, ಕಥೆ ಕೇಳುವುದರಲ್ಲಿ ಎಲ್ಲರಿಗಿಂತ ಪಳಗಿದವನು. ಅವನಿಗೆ ಟಿಕೆಟ್ಟಿಲ್ಲದೆ ಜಾಗ ಕೊಡುವುದು ಸುಲಭ, ಅವನು ಎದ್ದು ಹೋಗದಂತೆ ಕಥೆ ಹೇಳುವುದು ಕಷ್ಟ.

ಸಿನಿಮಾ ಬಿಡುಗಡೆಯಾದದ್ದು 2023ರ ಜೂನ್ 16ರ ಶುಕ್ರವಾರ. ನಾನು ನೋಡಿದ್ದು ಭಾನುವಾರ, ಚಿಂತಾಮಣಿಯಲ್ಲಿ. ನನ್ನ ಕೆಲಸ ಗೌರಿಬಿದನೂರಿನಲ್ಲಿ, ನಮ್ಮ ಹಳ್ಳಿ ಶಿಡ್ಲಘಟ್ಟದ ಹತ್ತಿರ, ಅಕ್ಕನನ್ನು ಕೊಟ್ಟಿರುವುದು ಚಿಂತಾಮಣಿಗೆ. ಗೌರಿಬಿದನೂರಿನಲ್ಲಿ ಬಸ್ಸು ಹತ್ತಿ, ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಕಿವಿಗೆ ಬೀಳುವ ಭಾಷೆ ಬದಲಾಗುತ್ತಲೇ ಇರುತ್ತದೆ. ಕಂಡಕ್ಟರು ಕನ್ನಡದಲ್ಲಿ ಚಿಲ್ಲರೆ ಕೇಳುತ್ತಾರೆ, ಹಿಂದಿನ ಸೀಟಿನ ಅಜ್ಜಿ ತೆಲುಗಿನಲ್ಲಿ ಸೊಸೆಯನ್ನು ಬೈಯುತ್ತಿರುತ್ತಾಳೆ, ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಮುಗಿಸಿಕೊಂಡು ಹತ್ತುವ ರೀಲರುಗಳು ಉರ್ದುವಿನಲ್ಲಿ ಆ ದಿನದ ರೇಟು ಮಾತಾಡುತ್ತಾರೆ. ಯಾರಿಗೆ ಯಾವ ಭಾಷೆಯಲ್ಲಿ ಹೇಳಿದರೆ ಕೆಲಸವಾಗುತ್ತದೆ ಎನ್ನುವುದು ಇಲ್ಲಿ ಪ್ರತಿಯೊಬ್ಬನಿಗೂ ಗೊತ್ತಿರಲೇಬೇಕಾದ ವಿದ್ಯೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಕ್ಕನ ಮಗನಿಗೆ ಆಗ ಹತ್ತು ವರ್ಷ. ಅವನ ಪ್ರಕಾರ ಜಗತ್ತಿನಲ್ಲಿ ಮೂರು ಸೂಪರ್‌ಹೀರೋಗಳು: ಸ್ಪೈಡರ್‌ಮ್ಯಾನ್, ಐರನ್‌ಮ್ಯಾನ್, ಹನುಮಾನ್. “ಮೂವರಲ್ಲಿ ಯಾರು ದೊಡ್ಡೋರೋ?” ಎಂದರೆ, “ಹನುಮಾನೇ ಮಾಮ, ಅವ್ನಿಗೆ ಸೂಟೂ ಬೇಡ ಮಿಷೀನೂ ಬೇಡ” ಎನ್ನುತ್ತಿದ್ದ. ವಾದ ತಪ್ಪೇನಲ್ಲ. ಹಾರುತ್ತಾನೆ, ಬೇಕಾದಾಗ ಬೆಟ್ಟದಷ್ಟಾಗುತ್ತಾನೆ, ಬೇಡವಾದಾಗ ಬೆಕ್ಕಿನಷ್ಟಾಗುತ್ತಾನೆ, ಸಾವಿಲ್ಲ. ಸೂಪರ್‌ಮ್ಯಾನ್ ಅಮೆರಿಕದ ಕಾಮಿಕ್ಸ್ ಪುಟದಲ್ಲಿ ಹುಟ್ಟಿದ್ದು 1938ರಲ್ಲಿ. ಅವನ ಮುತ್ತಾತನ ವಯಸ್ಸಿನವನು ನಮ್ಮವನು. ಪ್ರತಿ ತಲೆಮಾರಿಗೂ ಅದರದೇ ಹನುಮಂತ ಸಿಕ್ಕಿದ್ದಾನೆ. ನಮ್ಮಮ್ಮನಿಗೆ ಟೆಂಟಿನ ತೆಲುಗು ಪೌರಾಣಿಕ ಚಿತ್ರಗಳು. ನನಗೆ 1987ರಲ್ಲಿ ಶುರುವಾದ ರಾಮಾನಂದ ಸಾಗರರ ‘ರಾಮಾಯಣ’, ಅದರಲ್ಲಿ ದಾರಾ ಸಿಂಗ್. ಅಕ್ಕನ ಮಗನಿಗೆ ಟಿವಿಯಲ್ಲಿ ಬರುವ ಕಾರ್ಟೂನು. ದೊಡ್ಡ ಪರದೆಯ ಮೇಲೆ ಅವನದೇ ಆದ ಒಬ್ಬ ಹನುಮಂತನನ್ನು ತೋರಿಸೋಣ ಎಂದು ಕರೆದುಕೊಂಡು ಹೋದೆ. ನಮ್ಮಲ್ಲಿ ಪ್ರಭಾಸ್ ಸಿನಿಮಾ ಎಂದರೆ ತೆಲುಗಿನಲ್ಲೇ ನೋಡಬೇಕು, ನಾವೂ ಹಾಗೇ ನೋಡಿದೆವು.

ಮೊದಲ ಅರ್ಧ ಗಂಟೆ ಅವನು ಸೀಟಿನ ತುದಿಯಲ್ಲಿ ಕೂತಿದ್ದ. ಆಮೇಲೆ ಒರಗಿಕೊಂಡ. ಇಂಟರ್‌ವಲ್ಲಿನಲ್ಲಿ ಪಾಪ್‌ಕಾರ್ನ್ ತಂದೆ. ದ್ವಿತೀಯಾರ್ಧದಲ್ಲಿ, ಕತ್ತಲು ಬಣ್ಣದ ಸೈನ್ಯಗಳು ಒಂದರ ಮೇಲೊಂದು ಬಿದ್ದು ಹೊಡೆದಾಡುತ್ತಿದ್ದಾಗ, ನನ್ನ ಕಿವಿಯ ಹತ್ತಿರ ಬಂದು “ಮಾಮ, ಇದ್ರಲ್ಲಿ ನಮ್ಮೋರು ಯಾರು?” ಎಂದ. ಮನೆಗೆ ನಡೆದು ಬರುವಾಗ ಹೇಗಿತ್ತೋ ಎಂದು ಕೇಳಿದೆ. “ಗ್ರಾಫಿಕ್ಸ್ ಅಷ್ಟಕ್ಕಷ್ಟೆ” ಎಂದು ಸುಮ್ಮನಾದ. ಅವನಿಗೆ ಬೇಸರವಾಗಿತ್ತು. ಆದರೆ ಅದು ಗ್ರಾಫಿಕ್ಸಿನ ಬೇಸರ ಅಲ್ಲ ಎಂದು ನನಗೆ ಅನ್ನಿಸಿತು.

ಚಿತ್ರದ ಮೇಲೆ ಬಂದ ದೂರುಗಳಲ್ಲಿ ದೊಡ್ಡದು, ರಾಮಾಯಣವನ್ನು ಬದಲಾಯಿಸಿಬಿಟ್ಟರು ಎನ್ನುವುದು. ಕನ್ನಡದವರು ಈ ದೂರನ್ನು ಹೇಳುವಾಗ ಸ್ವಲ್ಪ ಯೋಚಿಸಬೇಕು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದ ಎಂದು ಕುಮಾರವ್ಯಾಸ ಐನೂರು ವರ್ಷಕ್ಕೂ ಹಿಂದೆಯೇ ತಮಾಷೆ ಮಾಡಿದ್ದಾನೆ. ಅವನಿಗಿಂತ ಮುಂಚಿನ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ವಾನರರು ಕೋತಿಗಳೇ ಅಲ್ಲ, ಬಾವುಟದ ಮೇಲೆ ಕಪಿಯ ಗುರುತಿದ್ದ ವಿದ್ಯಾಧರರು, ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನನ್ನೂ ಅಗ್ನಿಗೆ ಪ್ರವೇಶ ಮಾಡಿಸಿದರು, ಆ ಕೃತಿಗೆ ಜ್ಞಾನಪೀಠ ಬಂತು. ಚಿಂತಾಮಣಿಯಿಂದ ಅಷ್ಟೇನೂ ದೂರವಿಲ್ಲದ ಆವನಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತ ಜಾಗ ತೋರಿಸುತ್ತಾರೆ. ಕಥೆಯನ್ನು ತಮ್ಮೂರಿಗೆ ತಂದುಕೊಳ್ಳುವುದು, ತಿರುಚಿಕೊಳ್ಳುವುದು, ಬೆಳೆಸಿಕೊಳ್ಳುವುದು ನಮ್ಮ ಜನರ ಹಕ್ಕು. ನಿರ್ದೇಶಕ ಓಂ ರಾವುತ್ ಅದೇ ಹಕ್ಕನ್ನು ಬಳಸಿಕೊಂಡರು. ಅವರು ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ, ಬದಲಾಯಿಸಿ ಏನನ್ನು ಕಳೆದುಕೊಂಡರು ಎನ್ನುವುದಕ್ಕೆ ಇದೆ.

ಅದಕ್ಕೆ ಕೆಲವು ದಿನಾಂಕಗಳನ್ನು ನೋಡಬೇಕು. ಟೀಸರ್ ಬಂದದ್ದು 2022ರ ಅಕ್ಟೋಬರ್ 2ರಂದು, ಅಯೋಧ್ಯೆಯಲ್ಲಿ. ಗ್ರಾಫಿಕ್ಸ್ ಆಟದ ವಿಡಿಯೋದಂತಿದೆ ಎಂದು ಜನ ಆಡಿಕೊಂಡರು. 2023ರ ಜನವರಿ 12ಕ್ಕೆ ಬರಬೇಕಿದ್ದ ಚಿತ್ರವನ್ನು ಜೂನ್ 16ಕ್ಕೆ ಮುಂದೂಡಿದರು. ಐದು ತಿಂಗಳು ದೃಶ್ಯಗಳನ್ನು ತಿದ್ದಿದರು. ಬಿಡುಗಡೆಯಾದ ಮೇಲೆ ಜನ ಸಿಟ್ಟಾದದ್ದು ಮುಖ್ಯವಾಗಿ ಮಾತುಗಳ ಮೇಲೆ. ಎರಡೇ ದಿನದಲ್ಲಿ, ಅಂದರೆ ನಾವು ಸಿನಿಮಾ ನೋಡಿದ ಭಾನುವಾರವೇ, ಹಿಂದಿಯ ಸಂಭಾಷಣೆಕಾರ ಮನೋಜ್ ಮುಂತಶಿರ್ ಕೆಲವು ಸಾಲುಗಳನ್ನು ಬದಲಾಯಿಸುತ್ತೇವೆ ಎಂದು ಹೇಳಿದರು. ಅದೇ ವಾರ ಬದಲಾಯಿಸಿದರು ಕೂಡ. ಚಿತ್ರಕ್ಕೆ ಐದು ತಿಂಗಳು, ಮಾತಿಗೆ ಐದಾರು ದಿನ. ಮಾತು ಎನ್ನುವುದು ಕೊನೆಗೆ ಅಂಟಿಸಿ ಬೇಕಾದಾಗ ಕಿತ್ತು ಹಾಕಬಹುದಾದ ಚೀಟಿ ಎಂದು ಯಾರೋ ಎಲ್ಲೋ ಮೊದಲೇ ತೀರ್ಮಾನಿಸಿದ್ದರು.

ಗಲಾಟೆಯಾದ ಸಾಲು ಎಲ್ಲರಿಗೂ ಗೊತ್ತು. ಬಾಲಕ್ಕೆ ಬೆಂಕಿ ಇಟ್ಟಾಗ ಹನುಮಂತ, ಬಟ್ಟೆಯೂ ಎಣ್ಣೆಯೂ ಬೆಂಕಿಯೂ ನಿಮ್ಮಪ್ಪನದೇ, ಸುಟ್ಟುಹೋಗುವುದೂ ನಿಮ್ಮಪ್ಪನದೇ ಎನ್ನುವ ಅರ್ಥದ ಮಾತಾಡುತ್ತಾನೆ. ಇದು ಹಿಂದಿಯ ಸಾಲು. ನಾವು ತೆಲುಗಿನಲ್ಲಿ ನೋಡಿದರೂ, ರೀಲ್ಸ್ ಮೂಲಕ ಅದು ನಮಗಿಂತ ಮುಂಚೆಯೇ ಚಿಂತಾಮಣಿ ತಲುಪಿತ್ತು. ಅಕ್ಕನ ಮಗ ಆ ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿ ಬೈಸಿಕೊಂಡ. ಸರಿ, ಆ ಸಾಲು ಬಿಡು, ಹನುಮಂತ ಇನ್ನೇನು ಹೇಳಿದ ಎಂದು ಕೇಳಿದೆ. ಮೂರು ಗಂಟೆಯ ಸಿನಿಮಾದಲ್ಲಿ ಹನುಮಂತ ಆಡಿದ ಇನ್ನೊಂದು ಮಾತು ಅವನಿಗೆ ನೆನಪಿರಲಿಲ್ಲ. ನನಗೂ ಇರಲಿಲ್ಲ.

ಇದು ಸಣ್ಣ ಲೋಪ ಅಲ್ಲ. ವಾಲ್ಮೀಕಿಯಲ್ಲಿ ಹನುಮಂತ ಮೊದಲ ಸಲ ರಾಮನೆದುರು ಬಂದು ನಿಂತಾಗ ಹಾರುವುದಿಲ್ಲ, ಬೆಟ್ಟ ಎತ್ತುವುದಿಲ್ಲ. ಸುಗ್ರೀವ ಕಳಿಸಿದ್ದಾನೆ, ಬಂದವರು ಯಾರು ಎಂದು ತಿಳಿಯಬೇಕಾಗಿದೆ. ಭಿಕ್ಷುವಿನ ವೇಷ ಹಾಕಿಕೊಂಡು ಬಂದು ಮಾತಾಡುತ್ತಾನೆ, ಅಷ್ಟೆ. ಕೇಳಿದ ರಾಮ ಲಕ್ಷ್ಮಣನ ಕಡೆ ತಿರುಗಿ ಆ ಮಾತನ್ನು ಹೊಗಳುವುದೇ ಒಂದು ದೊಡ್ಡ ಭಾಗ. ವೇದ ಕಲಿಯದವನು ಹೀಗೆ ಮಾತಾಡಲಾರ, ಇವನು ವ್ಯಾಕರಣವನ್ನು ಪೂರ್ತಿ ಓದಿದ್ದಾನೆ, ಇಷ್ಟು ಹೊತ್ತು ಮಾತಾಡಿದರೂ ಒಂದು ತಪ್ಪು ಪದ ಬರಲಿಲ್ಲ, ಹುಬ್ಬಾಗಲಿ ಹಣೆಯಾಗಲಿ ವಿಕಾರವಾಗಲಿಲ್ಲ. ಕತ್ತಿ ಎತ್ತಿ ನಿಂತ ವೈರಿಯ ಮನಸ್ಸೂ ಇಂಥ ಮಾತಿಗೆ ಒಲಿಯುತ್ತದೆ ಎನ್ನುತ್ತಾನೆ. ರಾಮ ಗುರುತಿಸಿದ ಹನುಮಂತನ ಮೊದಲ ಶಕ್ತಿ ನಾಲಿಗೆಯದು, ತೋಳಿನದು ಆಮೇಲೆ.

ಇದನ್ನು ನಾನು ಪುಸ್ತಕದಲ್ಲಿ ಓದುವ ಎಷ್ಟೋ ವರ್ಷ ಮುಂಚೆ ನಮ್ಮೂರಿನ ನಾಟಕದಲ್ಲಿ ನೋಡಿದ್ದೆ. ನಮ್ಮ ದೊಡ್ಡಪ್ಪ ಊರಿನ ಪೌರಾಣಿಕ ನಾಟಕಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಆಂಜನೇಯನ ಪಾತ್ರ ಮಾಡಿದವರು. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ ಅವರ ಜೀವನ. ಹುಳು ದೊಡ್ಡದಾದ ಮೇಲೆ ರಾತ್ರಿ ಹಗಲು ಸೊಪ್ಪು ಹಾಕಬೇಕು, ಮನೆಯವರಿಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಆದರೆ ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ತಲೆ ಎತ್ತಿ ಅಲುಗದೆ ನಿಂತಾಗ, ಸೊಪ್ಪು ತಿನ್ನುವುದಿಲ್ಲ. ಆ ಒಂದು ದಿನದ ಬಿಡುವಿನಲ್ಲಿ ದೊಡ್ಡಪ್ಪ ಹುಳುಮನೆಯ ಜಗುಲಿ ಮೇಲೆ ಕೂತು ಮಾತು ಒಪ್ಪಿಸಿಕೊಳ್ಳುತ್ತಿದ್ದರು. ಹಾರ್ಮೋನಿಯಂ ಮೇಷ್ಟ್ರು ಬರೆಸಿದ ನೋಟುಬುಕ್ಕು ಕನ್ನಡ ಲಿಪಿಯಲ್ಲಿತ್ತು. ಗದ್ಯ ಕನ್ನಡ, ನಡುನಡುವೆ ಪದ್ಯ ತೆಲುಗು. ನಮ್ಮ ಗಡಿಯ ನಾಟಕಗಳು ಹಾಗೇ ಇರುತ್ತಿದ್ದವು, ಯಾರೂ ಅದನ್ನು ವಿಚಿತ್ರ ಎಂದುಕೊಂಡವರಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ನಾಟಕ. ಸ್ತ್ರೀ ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಆ ಸಲ ಸೀತೆಯ ಪಾತ್ರಕ್ಕೆ ಗೊತ್ತು ಮಾಡಿದ್ದವರು ಬರಲಾಗದೆ, ತುಮಕೂರಿನ ಕಡೆಯ ಒಬ್ಬ ಹೊಸ ಹುಡುಗಿ ಸಂಜೆ ಹೊತ್ತಿಗೆ ಬಂದಳು. ಅವಳಿಗೆ ತೆಲುಗು ಒಂದಕ್ಷರ ಬಾರದು. ಊರವರು ಪರಿಚಯವಿಲ್ಲ, ನಮ್ಮ ಪಾಠದಲ್ಲಿ ತಾಲೀಮೂ ಆಗಿಲ್ಲ. ಅಶೋಕವನದ ದೃಶ್ಯ ಬರುವ ಹೊತ್ತಿಗೆ ಬೆಳಗಿನ ಜಾವ ಮೂರು ಗಂಟೆ ಇರಬಹುದು. ಆಂಜನೇಯ ಮರದ ಮೇಲಿಂದ, ಎಂದರೆ ಎರಡು ಬೆಂಚಿನ ಮೇಲಿಂದ, ಏರುದನಿಯಲ್ಲಿ ಒಂದು ತೆಲುಗು ಪದ್ಯ ಹಾಡಿಕೊಂಡು ಇಳಿಯಬೇಕು. ಜನ ಆ ಪದ್ಯಕ್ಕೇ ಕಾಯುತ್ತಿದ್ದರು, ಒನ್ಸ್‌ಮೋರ್ ಬೀಳುವ ಜಾಗ ಅದು. ಮೇಷ್ಟ್ರು ಶ್ರುತಿ ಹಿಡಿದರು. ದೊಡ್ಡಪ್ಪ ಹಾಡಲಿಲ್ಲ. ಮೆಲ್ಲಗೆ ಇಳಿದು ಬಂದು, ಅವಳಿಂದ ನಾಲ್ಕು ಮಾರು ದೂರದಲ್ಲೇ ಮಂಡಿಯೂರಿ, ಮನೆಯಲ್ಲಿ ಮಾತಾಡುವ ದನಿಯಲ್ಲಿ, “ಹೆದರ್ಕೋಬೇಡಿ ತಾಯಿ. ನಾನು ರಾಮದೇವರ ಕಡೆಯಿಂದ ಬಂದೋನು” ಎಂದರು. ನೋಟುಬುಕ್ಕಿನಲ್ಲಿ ಇಲ್ಲದ ಮಾತು. ಮೈಕಿಗೆ ಸರಿಯಾಗಿ ಸಿಗಲೂ ಇಲ್ಲ. ಆದರೆ ಮುಂದೆ ಚಾಪೆ ಹಾಸಿ ತೂಕಡಿಸುತ್ತಿದ್ದ ಹೆಂಗಸರೆಲ್ಲ ಎದ್ದು ಕೂತರು. ಆ ಹುಡುಗಿ ನಿಜವಾಗಿ ಅತ್ತಳು.

ಮಾರನೇ ದಿನ ಪದ್ಯ ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ದೊಡ್ಡಪ್ಪ ಹೇಳಿದ್ದು ಇಷ್ಟೆ: “ಆಯಮ್ಮ ಗಾಬರಿ ಬಿದ್ದಿದ್ಲು ಕಣೋ. ಅರ್ಥ ಆಗ್ದಿರೋ ಮಾತು ಕೂಗಾಡ್ಕೊಂಡು ಮೇಲೆ ಬಿದ್ರೆ ನಾನು ರಾಮನ ಕಡೆಯೋನು ಅಂತ ಹೆಂಗೆ ನಂಬ್ತಾಳೆ?”

ಸುಂದರಕಾಂಡದ ಮೂವತ್ತನೇ ಸರ್ಗವನ್ನು ನಾನು ಓದಿದ್ದು ಎಂ.ಎ. ಮಾಡುವಾಗ. ಸೀತೆ ಕಣ್ಣೆದುರು ಇದ್ದಾಳೆ. ಸಮುದ್ರ ದಾಟಿ ಬಂದ ವೀರ ಮರದ ಎಲೆಗಳ ಮರೆಯಲ್ಲಿ ಕೂತು ಯೋಚಿಸುತ್ತಾನೆ. ಯೋಚನೆ ರಾಕ್ಷಸರನ್ನು ಹೇಗೆ ಹೊಡೆಯಲಿ ಎಂದಲ್ಲ, ಇವಳ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಲಿ ಎಂದು. ವಿದ್ವಾಂಸರ ಸಂಸ್ಕೃತದಲ್ಲಿ ಮಾತಾಡಿದರೆ ರಾವಣನೇ ವೇಷ ಮರೆಸಿಕೊಂಡು ಬಂದಿದ್ದಾನೆ ಎಂದು ಹೆದರುತ್ತಾಳೆ. ಕಪಿಯ ರೂಪ ಬೇರೆ. ಅವಳು ಚೀರಿದರೆ ಕಾವಲಿನವರು ಎದ್ದು ಎಲ್ಲ ಕೆಡುತ್ತದೆ. ಸಾಮಾನ್ಯ ಮನುಷ್ಯರು ಆಡುವ ಮಾತನ್ನೇ ಆಡಬೇಕು ಎಂದು ತೀರ್ಮಾನಿಸಿ, ಅವಳಿಗೆ ಪ್ರಿಯವಾದ ರಾಮನ ಕಥೆಯನ್ನು ಮೆಲ್ಲಗೆ ಹೇಳಲು ಶುರು ಮಾಡುತ್ತಾನೆ. ಓದುತ್ತಾ ನನಗೆ ಬೆಂಚಿನ ಮೇಲಿಂದ ಇಳಿದು ಬಂದ ದೊಡ್ಡಪ್ಪ ಕಂಡರು. ಅವರು ವಾಲ್ಮೀಕಿಯನ್ನು ಓದಿದವರಲ್ಲ. ದಿನಾ ಮೂರು ಭಾಷೆಯ ಸಂತೆಯಲ್ಲಿ ಗೂಡು ಮಾರುವವರಿಗೆ, ಎದುರಿಗಿರುವವರ ಮುಖ ನೋಡಿ ಭಾಷೆ ಆರಿಸುವುದು ಯಾರೂ ಹೇಳಿಕೊಡದೆಯೇ ಬಂದಿತ್ತು.

ಲಂಕಾದಹನವೂ ಹಾಗೆಯೇ. ಸಿನಿಮಾದಿಂದ ನನಗೆ ನೆನಪಿರುವುದು ಬೆಂಕಿಯ ಕೆಂಪು ಮಾತ್ರ. ಮೂಲದಲ್ಲಿ ಊರೆಲ್ಲ ಉರಿದ ಮೇಲೆ ಹನುಮಂತನ ಎದೆ ಧಸಕ್ಕೆನ್ನುತ್ತದೆ. ಸಿಟ್ಟಿನಲ್ಲಿ ಏನು ಮಾಡಿಬಿಟ್ಟೆ, ಸೀತೆಯೂ ಇದರಲ್ಲಿ ಸುಟ್ಟುಹೋಗಿದ್ದರೆ ನಾನು ಬಂದ ಕೆಲಸವನ್ನೇ ಕೆಡಿಸಿದೆನಲ್ಲ ಎಂದು ತನ್ನ ಕೋಪವನ್ನು ತಾನೇ ಹಳಿದುಕೊಳ್ಳುತ್ತಾನೆ. ಅವಳು ಕ್ಷೇಮ ಎಂದು ತಿಳಿಯುವವರೆಗೆ ಅವನಿಗೆ ನೆಮ್ಮದಿಯಿಲ್ಲ. ಗೆದ್ದ ಮರುಗಳಿಗೆಯಲ್ಲೇ ತಲ್ಲಣಿಸುವವನು ಅವನು. ಅಂಥವನ ಬಾಯಿಗೆ ಗಲ್ಲಿಜಗಳದ ಸವಾಲು ತುರುಕಿದರೆ ಕೆಡುವುದು ಬರೀ ಭಾಷೆಯ ಮರ್ಯಾದೆಯಲ್ಲ, ಆ ಪಾತ್ರ ಎಂಥದು ಎನ್ನುವ ತಿಳಿವಳಿಕೆಯೇ.

ಮಕ್ಕಳಿಗೆ, ಯುವಕರಿಗೆ ಅವರ ಭಾಷೆಯಲ್ಲೇ ಹೇಳಬೇಕಲ್ಲ, ಅದಕ್ಕೆ ಹಾಗೆ ಬರೆದೆವು ಎಂಬ ಸಮರ್ಥನೆ ಬಂತು. ಉದ್ದೇಶ ಸರಿಯೇ. ಹನುಮಂತ ಮರದ ಮೇಲೆ ಕೂತು ಯೋಚಿಸಿದ್ದೂ ಅದನ್ನೇ. ಆದರೆ ಅವನು ಆಡುಮಾತನ್ನು ಆರಿಸಿಕೊಂಡದ್ದು ಹೆದರಿದವಳ ಭಯ ಕಳೆಯಲು, ನೋಡುವವರಿಂದ ಶಿಳ್ಳೆ ಹೊಡೆಸಲು ಅಲ್ಲ. ಇದು ನಮ್ಮ ದೇಶದ ಸಮಸ್ಯೆ ಮಾತ್ರವೂ ಅಲ್ಲ. 2013ರ ‘ಮ್ಯಾನ್ ಆಫ್ ಸ್ಟೀಲ್’ ಬಂದಾಗ ಸೂಪರ್‌ಮ್ಯಾನಿನ ಎಷ್ಟೋ ಹಳೆಯ ಅಭಿಮಾನಿಗಳಿಗೆ ಕೊನೆಯ ಕಾಳಗ ಸಹಿಸಲಾಗಲಿಲ್ಲ. ಕಟ್ಟಡಗಳು ಸಾಲಾಗಿ ಉರುಳುತ್ತವೆ. ಒಳಗಿದ್ದ ಜನರನ್ನು ಉಳಿಸಬೇಕಾದವನೇ ಅವುಗಳ ನಡುವೆ ಗುದ್ದಾಡುತ್ತಿರುತ್ತಾನೆ. ಬಲ ಇದ್ದವನು ಅದನ್ನು ಎಲ್ಲಿ ತಡೆದುಕೊಳ್ಳುತ್ತಾನೆ ಎಂದು ನೋಡಲು ಜನ ಹೋಗಿದ್ದರು.

ದುಡ್ಡಿಲ್ಲದೆ ಹೀಗಾಯಿತು ಎನ್ನುವಂತೆಯೂ ಇಲ್ಲ. ‘ಆದಿಪುರುಷ್’ ನೂರಾರು ಕೋಟಿಯ ಚಿತ್ರ. ಮೊದಲ ವಾರಾಂತ್ಯ ಜನ ತುಂಬಿದರು, ಸೋಮವಾರದಿಂದ ಕುಸಿಯಿತು. ಏಳು ತಿಂಗಳಾಗುವುದರೊಳಗೆ, 2024ರ ಜನವರಿ 12ರಂದು, ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ ಖರ್ಚಿನ ತೆಲುಗು ಚಿತ್ರ ‘ಹನು–ಮಾನ್’ ಬಂತು. ಪ್ರಶಾಂತ್ ವರ್ಮಾ ನಿರ್ದೇಶನ, ತೇಜ ಸಜ್ಜಾ ನಾಯಕ. ಅಂಜನಾದ್ರಿ ಎಂಬ ಕಲ್ಪಿತ ಹಳ್ಳಿಯ ಪೋಲಿ ಹುಡುಗನಿಗೆ ಆಂಜನೇಯನ ಶಕ್ತಿ ಬರುವ ಕಥೆ. ಮಹಾಕೃತಿಯೇನಲ್ಲ, ಆದರೆ ಜನ ಎರಡೆರಡು ಸಲ ನೋಡಿದರು. ಅಲ್ಲಿ ಶಕ್ತಿ ಬರುವ ಮುಂಚೆ ಒಂದು ಊರು ಇತ್ತು, ಅಕ್ಕ ಇದ್ದಳು, ಅವರು ಒಬ್ಬರಿಗೊಬ್ಬರು ಆಡುವ ಮಾತಿತ್ತು. ಅಕ್ಕನ ಮಗ ಅದನ್ನು ನೋಡಿ ಬಂದು ಕಥೆಯನ್ನು ಪೂರ್ತಿ ಹೇಳಿದ.

ನನಗೆ ಇದು ಸಿನಿಮಾದ ವಿಷಯವಾಗಿ ಮಾತ್ರ ಉಳಿದಿಲ್ಲ. ಗೌರಿಬಿದನೂರಿನಲ್ಲಿ ನಾನು ಪಾಠ ಮಾಡುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮನೆಯಲ್ಲಿ ತೆಲುಗು ಆಡುತ್ತಾರೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದಿರುತ್ತಾರೆ, ಕಾಲೇಜಿನಲ್ಲಿ ಇಂಗ್ಲಿಷಿನ ಎದುರು ಬಾಯಿ ಮುಚ್ಚಿ ಕೂರುತ್ತಾರೆ. ತಮಗೆ ಯಾವ ಭಾಷೆಯೂ ಸರಿಯಾಗಿ ಬರುವುದಿಲ್ಲ ಎಂದು ಅವರನ್ನು ಯಾರೋ ನಂಬಿಸಿಬಿಟ್ಟಿದ್ದಾರೆ. ಆ ಜುಲೈನಲ್ಲಿ ಒಂದು ದಿನ ಪಾಠ ಬದಿಗಿಟ್ಟು ಮೂವತ್ತನೇ ಸರ್ಗದ ಕಥೆ ಹೇಳಿದೆ. ಹನುಮಂತನಿಗೂ ನಿಮ್ಮ ಕಷ್ಟವೇ ಬಂದಿತ್ತು, ಎರಡು ಮೂರು ಭಾಷೆ ಬಲ್ಲವನಾದ್ದರಿಂದಲೇ ಅವನಿಗೆ ಆರಿಸಲು ಸಾಧ್ಯವಾಯಿತು ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅಲ್ಲಿಯವರೆಗೆ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದವಳು, “ಸಾರ್, ಹಂಗಾದ್ರೆ ಬೆಟ್ಟ ಎತ್ತಿದ್ದಕ್ಕಿಂತ ಇದೇ ಕಷ್ಟ ಅಲ್ವಾ?” ಎಂದಳು. ಕೇಳುವಾಗ ಅವಳ ದನಿ ನಡುಗುತ್ತಿತ್ತು, ಆದರೆ ಕೇಳಿದಳು.

ದೊಡ್ಡಪ್ಪನಿಗೆ ಈಗ ಎಪ್ಪತ್ತೈದು ದಾಟಿದೆ. ‘ಆದಿಪುರುಷ್’ ಅನ್ನು ಅವರು ಮೊಮ್ಮಗನ ಫೋನಿನಲ್ಲಿ ಸ್ವಲ್ಪ ಸ್ವಲ್ಪವಾಗಿ ನೋಡಿದರು. ನಾನು ಅಭಿಪ್ರಾಯ ಕೇಳಿದಾಗ ಬೈಯಲಿಲ್ಲ. “ಹಾರೋದು ಚೆನ್ನಾಗ್ ಹಾರ್ತಾನಪ್ಪ. ನಮ್ಗೆ ಅಂಗೆಲ್ಲಾ ಎಲ್ಲಿ ಆಗ್ತಿತ್ತು? ಬೆಂಚು ಮೇಲಿಂದ ದುಮುಕಿದ್ರೆ ಮಂಡಿ ನೋವು” ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, “ಆಯಮ್ಮನ್ ಹತ್ರ ಕೂತು ಇನ್ನೂ ಒಸಿ ಮಾತಾಡ್ಬೇಕಿತ್ತು” ಎಂದರು.

2024ರ ಶ್ರೀರಾಮನವಮಿಗೆ ನಮ್ಮೂರಿನ ಹುಡುಗರು ಬಹಳ ವರ್ಷಗಳ ಮೇಲೆ ನಾಟಕ ಆಡಿಸಬೇಕೆಂದು ಹೊರಟರು. ಆಂಜನೇಯನ ಪಾತ್ರಕ್ಕೆ ಸಿಕ್ಕವನು ಚಿಂತಾಮಣಿ ಮಾರ್ಕೆಟ್ಟಿಗೆ ಟೊಮೆಟೊ ಸಾಗಿಸುವ ಗಾಡಿ ಓಡಿಸುವ ಹುಡುಗ. ಒಳ್ಳೇ ಮೈಕಟ್ಟು, ಜಿಮ್ಮಿಗೂ ಹೋಗುತ್ತಾನೆ. ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಗಾಡಿ ಓಡಿಸುತ್ತಲೇ ಕಲಿತ. ಬಾಲಕ್ಕೆ ನಿಜವಾದ ಬೆಂಕಿ ಹಚ್ಚಬೇಕು, ಮೇಲೆ ಹಗ್ಗ ಕಟ್ಟಿ ಎಳೆದು ಹಾರಿಸಬೇಕು ಎನ್ನುವುದು ಅವನ ಆಸೆ. ಎರಡಕ್ಕೂ ದೊಡ್ಡಪ್ಪ ಬೇಡ ಎನ್ನಲಿಲ್ಲ. ಆದರೆ ತಾಲೀಮಿಗೆ ಕೂತ ನಾಲ್ಕು ಸಂಜೆಯೂ ಅವನಿಂದ ಅಶೋಕವನದ ದೃಶ್ಯ ಒಂದನ್ನೇ ಮಾಡಿಸಿದರು. ಅವನು ಪ್ರತಿ ಸಲವೂ ಅಬ್ಬರಿಸಿಕೊಂಡೇ ಬೆಂಚಿನಿಂದ ಇಳಿಯುತ್ತಿದ್ದ. ದೊಡ್ಡಪ್ಪ ಕುರ್ಚಿಯಲ್ಲಿ ಕೂತೇ ಕೈ ಎತ್ತಿ ನಿಲ್ಲಿಸುತ್ತಿದ್ದರು.

“ಯಾರ ಹತ್ರ ಮಾತಾಡ್ತಿದೀಯ ನೋಡು ಮೊದ್ಲು” ಎನ್ನುತ್ತಿದ್ದರು. “ನೋಡ್ಬಿಟ್ಟು ಬಾಯಿ ಬಿಡು.”

ನಾಲ್ಕನೇ ಸಂಜೆ ಆ ಹುಡುಗ ಬೆಂಚಿನಿಂದ ಇಳಿದು, ಸೀತೆಯ ಜಾಗದಲ್ಲಿ ಇಟ್ಟಿದ್ದ ಖಾಲಿ ಸ್ಟೂಲನ್ನು ಬಹಳ ಹೊತ್ತು ನೋಡಿದ. ಮೇಷ್ಟ್ರು ಶ್ರುತಿಪೆಟ್ಟಿಗೆ ನಿಲ್ಲಿಸಿ ಕಾದರು.